ಕಷ್ಟಕಾಲದ ಕೃತಜ್ಞತೆ: ಸಂತ ಜೋಸೆಫ್ ವಾಜರ ಬಾಳಯಾತ್ರೆ

ಮಳೆ ಸಕಾಲಕ್ಕೆ ಸುರಿದು, ಕೆರೆಗಳು ಕೋಡಿ ಬಿದ್ದು, ತೆಂಗಿನ ತೋಟಗಳು ಫಲಭರಿತವಾಗಿ ನಿಂತ ವರ್ಷದಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಯಾರಿಗೂ ಕಠಿಣವಲ್ಲ. ಕಲ್ಪತರು ನಾಡೆಂದು ಹೆಸರಾದ ತುಮಕೂರು ಸೀಮೆಯ ಜನರಿಗೆ ಅಂತಹ ವರ್ಷಗಳೂ ಗೊತ್ತು; ಪಾವಗಡ, ಶಿರಾ, ಮಧುಗಿರಿಗಳ ಕಡೆ ಬಾವಿಗಳು ತಳ ಕಂಡ ಬರಗಾಲದ ವರ್ಷಗಳೂ ಗೊತ್ತು. ಉಪ್ಪಾರಹಳ್ಳಿಯಿಂದ ಹಿಡಿದು ಗುಬ್ಬಿ, ಕುಣಿಗಲ್‌ಗಳವರೆಗೆ ಸಂಜೆಯ ಜಪಸರಕ್ಕೆ ಮೊಣಕಾಲೂರುವ ಕ್ರೈಸ್ತ ಕುಟುಂಬಗಳಲ್ಲಿಯೂ ಇದೇ ಅನುಭವ. ಮಗನಿಗೆ ಕೆಲಸ ದೊರೆತ ದಿನ, ಮಗಳ ವಿವಾಹ ನಿಶ್ಚಯವಾದ ದಿನ ಸ್ತುತಿಯ ಮಾತುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ಮನೆಯ ಯಜಮಾನ ಹಾಸಿಗೆ ಹಿಡಿದಾಗ, ಸಾಲಗಾರ ಬಾಗಿಲು ತಟ್ಟಿದಾಗ, ಎಳೆಯ ಪ್ರಾಣವೊಂದು ಕಣ್ಮುಂದೆಯೇ ನಂದಿಹೋದಾಗ ಅದೇ ಮಾತುಗಳು ಗಂಟಲಲ್ಲಿ ನಿಂತುಬಿಡುತ್ತವೆ.

ಆಗ ಏಳುವ ಪ್ರಶ್ನೆ ಪ್ರಾಮಾಣಿಕವಾದುದು. ದುಃಖದ ನಡುವೆ ದೇವರಿಗೆ ವಂದನೆ ಸಲ್ಲಿಸುವುದೆಂದರೆ ನೋವನ್ನು ನಲಿವೆಂದು ಸುಳ್ಳು ಹೇಳಿಕೊಳ್ಳುವುದೇ? ಕೃತಜ್ಞತೆಯೆಂದರೆ ಕಣ್ಣೀರನ್ನು ಅಡಗಿಸಿ ಮುಗುಳ್ನಗೆಯ ಮುಖವಾಡ ಧರಿಸುವುದೇ? ಸಂತ ಪೌಲರು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಎಲ್ಲ ಪರಿಸ್ಥಿತಿಗಳಲ್ಲಿಯೂ ಕೃತಜ್ಞರಾಗಿರಬೇಕೆಂದು ಬೋಧಿಸಿರುವುದನ್ನು ನಾವು ಬಲ್ಲೆವು. ಕಷ್ಟಕ್ಕಾಗಿ ಕೃತಜ್ಞರಾಗಿರುವುದು ಒಂದು ಮಾತು, ಕಷ್ಟದಲ್ಲಿಯೂ ಕೃತಜ್ಞರಾಗಿರುವುದು ಮತ್ತೊಂದು ಮಾತು. ಈ ಎರಡರ ನಡುವಣ ವ್ಯತ್ಯಾಸವನ್ನು ಗ್ರಂಥಗಳಿಂದ ಅರಿಯುವುದಕ್ಕಿಂತ ಸಂತರ ಬಾಳಿನಿಂದ ಅರಿಯುವುದು ಸುಲಭ.

ಅಂತಹ ಸಂತರೊಬ್ಬರು ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿಯೇ ಬರಿಗಾಲಿನಲ್ಲಿ ನಡೆದಾಡಿದ್ದಾರೆ. ಪ್ರತಿವರ್ಷ ಜನವರಿ 16ರಂದು ಧರ್ಮಸಭೆ ಅವರ ಸ್ಮರಣೆಯನ್ನು ಆಚರಿಸುತ್ತದೆ. ಶ್ರೀಲಂಕೆಯ ಪ್ರೇಷಿತರೆಂದು ಪ್ರಖ್ಯಾತರಾದ ಸಂತ ಜೋಸೆಫ್ ವಾಜರೇ ಅವರು.

ಗೋವೆಯಲ್ಲಿ ಜನನ

ಜೋಸೆಫ್ ವಾಜರು 1651ನೇ ಇಸವಿ ಏಪ್ರಿಲ್ 21ರಂದು ಗೋವೆಯ ಸಾಷ್ಟಿ ಪ್ರಾಂತ್ಯದ ಬಾಣಾವಳಿ ಎಂಬ ಗ್ರಾಮದಲ್ಲಿ ಜನಿಸಿದರು. ಅದು ಅವರ ತಾಯಿಯ ತವರೂರು. ತಂದೆ ಕ್ರಿಸ್ತೊವಾಂವ್ ವಾಜರು ಸಾಂಕ್ವಾಳ ಗ್ರಾಮದವರು. ತಾಯಿ ಮರಿಯಾ ದೆ ಮಿರಾಂದಾ. ಮನೆಮಾತು ಕೊಂಕಣಿ. ಗೋವೆ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಬಾಲಕ ಜೋಸೆಫ್ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತು, ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ ಸಭೆಯವರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. 1676ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ದೀಕ್ಷೆಯ ಬಳಿಕ ಅವರು ಪಾದರಕ್ಷೆಗಳನ್ನು ತ್ಯಜಿಸಿದರು. ತನ್ನ ನಾಡಿನ ಬಡವರು ಹೇಗೆ ನಡೆಯುವರೋ ಹಾಗೆಯೇ ತಾನೂ ನಡೆಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ಮುಂದಿನ ವರ್ಷ, ಎಂದರೆ 1677ನೇ ಇಸವಿ ಆಗಸ್ಟ್ 5ರಂದು, ಸಾಂಕ್ವಾಳದ ಆರೋಗ್ಯಮಾತೆಯ ದೇವಾಲಯದಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ನಿತ್ಯದಾಸನನ್ನಾಗಿ ಅರ್ಪಿಸಿಕೊಳ್ಳುವ ಪತ್ರವೊಂದಕ್ಕೆ ಸಹಿ ಹಾಕಿದರು.

ಈ ದಾಸ್ಯಪತ್ರದ ಅರ್ಥವನ್ನು ನಾವು ಅರಿಯದೆ ಹೋದರೆ ಅವರ ಮುಂದಿನ ಬಾಳು ನಮಗೆ ಒಗಟಾಗಿಯೇ ಉಳಿಯುತ್ತದೆ. ದಾಸನಿಗೆ ತನ್ನದೆಂಬ ಸ್ವತ್ತು ಇರುವುದಿಲ್ಲ. ಅವನು ಉಣ್ಣುವ ಅನ್ನ, ಉಡುವ ಬಟ್ಟೆ, ಮಲಗುವ ಚಾಪೆ ಎಲ್ಲವೂ ಒಡೆಯನ ಕೈಯಿಂದ ಬಂದವು. ತನಗೆ ಇಂತಿಷ್ಟು ಸಲ್ಲಲೇಬೇಕೆಂದು ಅವನು ಲೆಕ್ಕ ಹಾಕುವುದಿಲ್ಲ. ದೊರೆತದ್ದನ್ನೆಲ್ಲ ಕೊಡುಗೆಯೆಂದೇ ಸ್ವೀಕರಿಸುತ್ತಾನೆ. ಇಪ್ಪತ್ತಾರರ ಹರೆಯದಲ್ಲಿ ಜೋಸೆಫರು ಸ್ವಇಚ್ಛೆಯಿಂದ ಅಂತಹ ಸ್ಥಾನವನ್ನು ಆರಿಸಿಕೊಂಡರು. ಕೃತಜ್ಞತೆಯ ಬೇರು ಇರುವುದು ಇಲ್ಲಿಯೇ.

ಕನ್ನಡ ಕರಾವಳಿಯಲ್ಲಿ

ತರುಣ ಗುರುವಿನ ಹೃದಯ ಹಂಬಲಿಸುತ್ತಿದ್ದುದು ಶ್ರೀಲಂಕೆಗೆ. ಅಲ್ಲಿನ ಕ್ರೈಸ್ತರು ಗುರುಗಳಿಲ್ಲದೆ ಅನಾಥರಾಗಿದ್ದಾರೆಂಬ ಸುದ್ದಿ ಅವರ ನಿದ್ದೆಗೆಡಿಸಿತ್ತು. ಆದರೆ ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾ ಪ್ರಾಂತ್ಯಕ್ಕೆ. ಬಯಸಿದ್ದು ಒಂದು, ದೊರೆತದ್ದು ಇನ್ನೊಂದು. ಜೋಸೆಫರು ಗೊಣಗದೆ ದಕ್ಷಿಣಕ್ಕೆ ನಡೆದರು.

ಆಗ ಕೆನರಾ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಗೆ ಸೇರಿತ್ತು. ಘಟ್ಟದ ಮೇಲೆ ಮೈಸೂರನ್ನು ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಸಿಕೊಂಡು 1649ರಿಂದ ಆರಂಭವಾಗಿದ್ದ ಯೇಸುಸಭೆಯವರ ಮೈಸೂರು ಮಿಷನ್ ನಮ್ಮ ಬಯಲುಸೀಮೆಯಲ್ಲಿ ವಿಶ್ವಾಸದ ಬೀಜ ಬಿತ್ತುತ್ತಿದ್ದ ಕಾಲವೂ ಅದೇ. ಕರಾವಳಿಯ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಗುರುಗಳ ಕೊರತೆಯಿಂದ ಮಕ್ಕಳಿಗೆ ಧರ್ಮೋಪದೇಶವಿರಲಿಲ್ಲ, ದೇವಾಲಯಗಳು ಜೀರ್ಣವಾಗಿದ್ದವು. ಜೋಸೆಫ್ ವಾಜರು ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರುಗಳ ನಡುವೆ ಕಾಲ್ನಡಿಗೆಯಲ್ಲಿ ಸಂಚರಿಸಿ ಪಾಪನಿವೇದನೆಗಳನ್ನು ಆಲಿಸಿದರು, ರೋಗಿಗಳನ್ನು ಸಂದರ್ಶಿಸಿದರು, ಮಕ್ಕಳಿಗಾಗಿ ಸಣ್ಣ ಶಾಲೆಗಳನ್ನು ತೆರೆದರು, ದೇವಾಲಯಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಅವರನ್ನು ಹೆಚ್ಚು ನೋಯಿಸಿದ್ದು ಬಡತನವಾಗಲಿ, ದಾರಿಯ ದಣಿವಾಗಲಿ ಅಲ್ಲ. ಕ್ರೈಸ್ತರೊಳಗಿನ ಒಡಕೇ ದೊಡ್ಡ ಶಿಲುಬೆಯಾಯಿತು. ಪೋರ್ಚುಗಲ್ ದೊರೆಯ ಪಾದ್ರುವಾದೊ ಹಕ್ಕಿನಡಿ ಗೋವೆಯ ಪೀಠ ಕೆನರಾವನ್ನು ತನ್ನದೆಂದು ಸಾರಿದರೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಮಂಗಳೂರಿನಲ್ಲಿದ್ದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಎರಡು ಪಂಗಡವಾಗಿದ್ದರು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದರೂ ಜೋಸೆಫ್ ವಾಜರು ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಜಗಳದ ಬೆಂಕಿಗೆ ತುಪ್ಪ ಸುರಿಯದೆ, ಜನರ ಆತ್ಮಗಳಿಗೆ ಹಾನಿಯಾಗದಂತೆ ಸಮಾಧಾನದ ಮಾರ್ಗವನ್ನು ಅರಸಿದರು. ಎರಡೂ ಕಡೆಯ ಅಸಮಾಧಾನಕ್ಕೆ ಗುರಿಯಾಗುವ ಅಂತಹ ಕೆಲಸದಲ್ಲಿ ಮನಸ್ಸು ಕಹಿಯಾಗದಂತೆ ಕಾಪಾಡಿಕೊಳ್ಳುವುದು ಸಾಮಾನ್ಯದ ಸಾಧನೆಯಲ್ಲ.

ಮಂಗಳೂರಿಗೆ ಸಮೀಪದ ಮುಡಿಪು ಎಂಬಲ್ಲಿ ಇಂದಿಗೂ ಭಕ್ತರು ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ನಡೆದುಕೊಳ್ಳುತ್ತಾರೆ. ರೋಗಿಯೊಬ್ಬನಿಗೆ ಕೊನೆಯ ಸಂಸ್ಕಾರ ಬೇಕಾಗಿದೆಯೆಂದು ನಂಬಿಸಿ, ರಾತ್ರಿ ವೇಳೆ ಅವರನ್ನು ಗುಡ್ಡಕ್ಕೆ ಕರೆದೊಯ್ದವರು ಕೊಲೆಗೆ ಸಂಚು ಹೂಡಿದ್ದರೆಂದೂ, ಅವರು ಊರುಗೋಲನ್ನು ನೆಲಕ್ಕೆ ಊರಿದಾಗ ನೀರು ಚಿಮ್ಮಿತೆಂದೂ ಅಲ್ಲಿನ ಜನ ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ.

ಬಲಿಪೂಜೆಯಿಲ್ಲದ ದ್ವೀಪ

1684ರಲ್ಲಿ ಗೋವೆಗೆ ಮರಳಿದ ಜೋಸೆಫ್ ವಾಜರು, ಹಳೆಯ ಗೋವೆಯ ಗುಡ್ಡದ ಮೇಲಿನ ಪವಾಡ ಶಿಲುಬೆಯ ದೇವಾಲಯದ ಬಳಿ ಒಟ್ಟಾಗಿ ಬಾಳುತ್ತಿದ್ದ ಗೋವೆಯ ಕೆಲವು ಗುರುಗಳನ್ನು ಸೇರಿದರು. ಯೂರೋಪಿಯನ್ ಧಾರ್ಮಿಕ ಸಭೆಗಳ ಬಾಗಿಲು ದೇಶೀಯ ಗುರುಗಳಿಗೆ ಮುಚ್ಚಿದ್ದ ಕಾಲವದು. ಆ ಅವಮಾನವನ್ನು ಕುರಿತು ಕೊರಗುತ್ತ ಕೂಡದೆ ಅವರು ಸಂತ ಫಿಲಿಪ್ ನೇರಿಯವರ ಒರೆಟರಿ ನಿಯಮವನ್ನು ಆಧರಿಸಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1685ನೇ ಇಸವಿ ಸೆಪ್ಟೆಂಬರ್ 25ರಂದು ಆರಂಭವಾದ ಆ ಸಂಘಕ್ಕೆ ಜೋಸೆಫ್ ವಾಜರೇ ಮುಖ್ಯಸ್ಥರಾದರು. ಮಾರನೆಯ ವರ್ಷವೇ ಆ ಹೊಣೆಯನ್ನು ಇತರರಿಗೆ ಒಪ್ಪಿಸಿ ಅವರು ಲಂಕೆಯ ಹಾದಿ ಹಿಡಿದರು.

ಲಂಕೆಯಲ್ಲಿ ಆಗಿದ್ದುದೇನು? ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಮನ್ನಾರ್ ಮತ್ತು ಜಾಫ್ನಾಗಳನ್ನೂ ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಅಂದಿನ ಯೂರೋಪನ್ನು ಸುಡುತ್ತಿದ್ದ ಮತಕಲಹ ಹಡಗೇರಿ ಪೂರ್ವದೇಶಗಳಿಗೂ ಬಂದಿತ್ತು. ಕಥೋಲಿಕ ಗುರುಗಳನ್ನು ದ್ವೀಪದಿಂದ ಹೊರಗಟ್ಟಲಾಯಿತು. ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಸಾರಲಾಯಿತು. ದೇವಾಲಯಗಳು ಕಥೋಲಿಕರ ಕೈತಪ್ಪಿದವು. ಜ್ಞಾನಸ್ನಾನ ಪಡೆದು ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತವರು ಕೂಡ ಗುರುವೊಬ್ಬನ ಮುಖವನ್ನೇ ಕಾಣದೆ ಬಾಳುವಂತಾಯಿತು. ಆದರೂ ಅನೇಕ ಮನೆಗಳಲ್ಲಿ ಕದ ಮುಚ್ಚಿಕೊಂಡು ಜಪಸರ ನಡೆಯುತ್ತಲೇ ಇತ್ತು.

ಇಲ್ಲಿ ನಾವು ಒಂದು ವಿಷಯವನ್ನು ನೆನೆಯಬೇಕು. ಬಲಿಪೂಜೆಗೆ ಆದಿಸಭೆ ಇಟ್ಟ ಗ್ರೀಕ್ ಹೆಸರು ಯೂಕರಿಸ್ತ್. ಕೃತಜ್ಞತಾ ಸಮರ್ಪಣೆ ಎಂಬುದೇ ಅದರ ಅರ್ಥ. ಪ್ರಭು ಯೇಸು ರೊಟ್ಟಿಯನ್ನು ಕೈಯಲ್ಲಿ ತೆಗೆದುಕೊಂಡು ಪಿತನಿಗೆ ವಂದನೆ ಸಲ್ಲಿಸಿದ್ದು ಸಂಭ್ರಮದ ದಿನದಲ್ಲಿ ಅಲ್ಲ. ಶಿಷ್ಯನೊಬ್ಬ ತಮ್ಮನ್ನು ಹಿಡಿದುಕೊಡಲು ಹೊರಟ ರಾತ್ರಿಯಲ್ಲಿ. ಅದೇ ರಾತ್ರಿ ಗೆತ್ಸೆಮನೆಯ ತೋಪಿನಲ್ಲಿ ಅವರು ತಮ್ಮ ಯಾತನೆಯನ್ನು ಮರೆಮಾಚದೆ ಪಿತನ ಮುಂದೆ ತೋಡಿಕೊಂಡರು. ವಂದನೆಯೂ ಕಣ್ಣೀರೂ ಒಂದೇ ರಾತ್ರಿಯಲ್ಲಿ, ಒಂದೇ ಹೃದಯದಿಂದ ಹೊಮ್ಮಿದವು. ಆದ್ದರಿಂದ ಬಲಿಪೂಜೆಯನ್ನು ಕಳೆದುಕೊಂಡ ಲಂಕೆಯ ಕ್ರೈಸ್ತರು ಕಳೆದುಕೊಂಡಿದ್ದುದು, ಕಷ್ಟದಲ್ಲಿ ದೇವರಿಗೆ ವಂದನೆ ಸಲ್ಲಿಸುವ ಪರಮೋಚ್ಚ ವಿಧಾನವನ್ನೇ. ಅದನ್ನು ಮರಳಿ ಅವರ ಕೈಗಿಡುವುದಕ್ಕಾಗಿ ಜೋಸೆಫ್ ವಾಜರು ಪ್ರಾಣವನ್ನು ಪಣಕ್ಕಿಟ್ಟರು.

ಗಂಜಿಯ ಋಣ

ಗುರುವಿನ ನಿಲುವಂಗಿಯಲ್ಲಿ ಲಂಕೆಗೆ ಕಾಲಿಡುವಂತಿರಲಿಲ್ಲ. ಜೋಸೆಫ್ ವಾಜರು ಕೂಲಿಯವನ ವೇಷ ಧರಿಸಿದರು. ಜೊತೆಗಿದ್ದವನು ಅವರ ಮನೆಯಲ್ಲಿ ಸೇವೆಗಿದ್ದ ಜಾನ್ ಎಂಬ ನಂಬಿಗಸ್ತ ಯುವಕ. ಕರಾವಳಿಗುಂಟ ಸಾಗಿ ತೂತುಕುಡಿಯನ್ನು ತಲುಪಿ, ಅಲ್ಲಿಂದ 1687ರಲ್ಲಿ ಸಮುದ್ರ ದಾಟಿ, ಕಡೆಗೆ ಜಾಫ್ನಾವನ್ನು ಸೇರಿದರು. ಪ್ರಯಾಣದ ಹಸಿವು ನೀರಡಿಕೆಗಳಿಂದ ಅವರಿಗೆ ತೀವ್ರವಾದ ಆಮಶಂಕೆ ಅಂಟಿಕೊಂಡಿತು. ಪರದೇಶದಲ್ಲಿ ಹೆಸರು ಹೇಳಿಕೊಳ್ಳಲಾಗದ, ನೆಂಟರಿಷ್ಟರಿಲ್ಲದ, ಎದ್ದು ನಿಲ್ಲಲೂ ತ್ರಾಣವಿಲ್ಲದ ಭಿಕ್ಷುಕನಾಗಿ ಅವರು ಮಲಗಿದರು. ಜಾನನೂ ಕಾಯಿಲೆಬಿದ್ದ. ಆಗ ಬಡ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಅವರ ಪ್ರಾಣ ಉಳಿಸಿದಳೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ.

ಕೃತಜ್ಞತೆಯ ವಿಷಯದಲ್ಲಿ ಈ ಗಂಜಿಯ ಪ್ರಸಂಗ ಬಹಳ ಮುಖ್ಯವಾದುದು. ಉಪದೇಶಿಸಲು ಬಂದವರು ಮೊದಲು ಅನ್ಯರ ಕೈಯಿಂದ ತುತ್ತು ಸ್ವೀಕರಿಸಬೇಕಾಯಿತು. ಕೊಡುವವನಾಗಿ ಬರುವುದಕ್ಕೆ ಮುಂಚೆ ಪಡೆಯುವವನಾಗಿ ಬಿದ್ದಿರಬೇಕಾಯಿತು. ಚೇತರಿಸಿಕೊಂಡ ಕೂಡಲೇ ಅವರು ಮನೆಗೆ ಹಿಂದಿರುಗುವ ದೋಣಿಯನ್ನು ಹುಡುಕಲಿಲ್ಲ. ಕೊರಳಲ್ಲಿ ಜಪಸರವನ್ನು ಎದ್ದುಕಾಣುವಂತೆ ಧರಿಸಿ, ಮನೆಮನೆಯ ಮುಂದೆ ಭಿಕ್ಷೆಗೆ ನಿಂತರು. ಜಪಸರವನ್ನು ಕಂಡು ಯಾರ ಕಣ್ಣು ಬೆಳಗುತ್ತದೆಯೋ ಅದು ಕಥೋಲಿಕ ಮನೆಯೆಂದು ಗುರುತಿಸುವುದು ಅವರ ಉಪಾಯ. ಹೀಗೆ ನಂಬಿಕೆಯ ಮನೆಯೊಂದು ಸಿಕ್ಕಿತು. ಅದರಿಂದ ಹತ್ತು ಮನೆಗಳ ಸುಳಿವು ದೊರೆಯಿತು. ರಾತ್ರಿಯ ಕತ್ತಲಲ್ಲಿ, ಕಾವಲಿಗೆ ಜನರನ್ನು ನಿಲ್ಲಿಸಿ, ಸುಮಾರು ಮೂವತ್ತು ವರ್ಷಗಳ ಬಳಿಕ ಆ ಜನರ ನಡುವೆ ಮತ್ತೆ ಬಲಿಪೂಜೆ ನಡೆಯಿತು.

ಮುಂದೆ ಅವರು ಸಿಲ್ಲಾಲೈ ಎಂಬ ಕಥೋಲಿಕ ಗ್ರಾಮವನ್ನು ನೆಲೆಯಾಗಿಸಿಕೊಂಡರು. ಹಗಲು ಅಡಗಿದ್ದು, ರಾತ್ರಿ ಊರೂರು ಸುತ್ತುತ್ತಿದ್ದರು. ಒಂದು ಕ್ರಿಸ್ಮಸ್ ರಾತ್ರಿ, ಜನ ಪೂಜೆಗೆ ಸೇರಿದ್ದಾಗ ಡಚ್ ಸೈನಿಕರು ದಾಳಿಯಿಟ್ಟು ಅನೇಕರನ್ನು ಸೆರೆಹಿಡಿದರು. ಗುರುಗಳು ಸಿಕ್ಕಿಬೀಳಲಿಲ್ಲ, ಸಿಕ್ಕಿಬಿದ್ದ ಭಕ್ತರು ಕಠಿಣ ಶಿಕ್ಷೆಗೆ ಗುರಿಯಾದರು. ತಮ್ಮನ್ನು ರಕ್ಷಿಸಿಕೊಂಡ ಜನರೇ ತಮ್ಮಿಂದಾಗಿ ನರಳಿದರೆಂಬ ಅರಿವು ಆ ಹೃದಯಕ್ಕೆ ಎಷ್ಟು ಭಾರವಾಗಿದ್ದಿರಬೇಕು! ತಾನು ಪಾರಾದ ಕಾರಣಕ್ಕೆ ಮಾತ್ರ ದೇವರಿಗೆ ವಂದನೆ ಹೇಳಿ ಸುಮ್ಮನಾಗುವುದು ಅಗ್ಗದ ಕೃತಜ್ಞತೆ. ಜೋಸೆಫ್ ವಾಜರು ಆ ದ್ವೀಪದ ಜನರ ಋಣವನ್ನು ತಲೆಯ ಮೇಲೆ ಹೊತ್ತರು. ಅವರನ್ನು ಬಿಟ್ಟು ಮತ್ತೆಂದೂ ಭಾರತಕ್ಕೆ ಮರಳಲಿಲ್ಲ.

ಕ್ಯಾಂಡಿಯ ಸೆರೆಮನೆ

ದ್ವೀಪದ ಒಳನಾಡು ಡಚ್ಚರ ವಶವಾಗಿರಲಿಲ್ಲ. ಅಲ್ಲಿ ಕ್ಯಾಂಡಿಯನ್ನು ರಾಜಧಾನಿಯಾಗಿಸಿಕೊಂಡು ಬೌದ್ಧ ಧರ್ಮೀಯನಾದ ಎರಡನೇ ವಿಮಲಧರ್ಮಸೂರ್ಯ ಎಂಬ ದೊರೆ ಆಳುತ್ತಿದ್ದ. ಪುತ್ತಳಂ ಪ್ರದೇಶದಲ್ಲಿ ಸೇವೆ ಸಲ್ಲಿಸಿದ ಜೋಸೆಫ್ ವಾಜರು 1692ರಲ್ಲಿ ಕ್ಯಾಂಡಿಗೆ ಹೊರಟರು. ಆದರೆ ಅವರು ತಲುಪುವ ಮುನ್ನವೇ ಚಾಡಿ ತಲುಪಿತ್ತು. ಆಸ್ಥಾನದಲ್ಲಿದ್ದ ಫ್ರೆಂಚ್ ಪ್ರಾಟೆಸ್ಟೆಂಟನೊಬ್ಬ, ಬರುತ್ತಿರುವಾತ ಪೋರ್ಚುಗೀಸರ ಗೂಢಚಾರನೆಂದು ದೊರೆಯ ಕಿವಿಯೂದಿದ್ದ. ಪೋರ್ಚುಗೀಸರೊಡನೆ ಯುದ್ಧಗಳನ್ನು ಕಂಡಿದ್ದ ರಾಜ್ಯಕ್ಕೆ ಆ ಅನುಮಾನ ಸಹಜವೇ. ಗುರುಗಳನ್ನು ಬಂಧಿಸಿ ಸೆರೆಯಲ್ಲಿಟ್ಟರು.

ಸಂತ ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ದೇವರನ್ನು ಸ್ತುತಿಸಿ ಹಾಡಿದ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುವಾಗ ನಮಗೆ ಅದು ದೂರದ ಕಥೆಯೆನಿಸುತ್ತದೆ. ನಮ್ಮ ಪಕ್ಕದ ದ್ವೀಪದಲ್ಲಿ ಅಂತಹುದೇ ಒಂದು ಘಟನೆ ನಡೆಯಿತು. ಆರಂಭದಲ್ಲಿ ಕಾವಲು ಕಠಿಣವಾಗಿತ್ತು. ಬಂಧಿಗಳು ಪ್ರಾರ್ಥನೆಯಲ್ಲಿ ಕಾಲ ಕಳೆಯುವ ನಿರುಪದ್ರವಿಗಳೆಂದು ಮನಗಂಡ ಬಳಿಕ ಅದು ಕ್ರಮೇಣ ಸಡಿಲವಾಯಿತು. ಜೋಸೆಫ್ ವಾಜರು ಸೆರೆವಾಸವನ್ನು ವ್ಯರ್ಥಕಾಲವೆಂದು ಎಣಿಸಲಿಲ್ಲ. ಸೆರೆಯ ಬಿಡುವಿನಲ್ಲಿ ಸಿಂಹಳ ಭಾಷೆಯನ್ನು ಅಭ್ಯಾಸ ಮಾಡಿದರು. ಸೆರೆಯ ಆವರಣದಲ್ಲಿಯೇ ಪುಟ್ಟ ಗುಡಿಸಲು ಕಟ್ಟಿ, ಅದರಲ್ಲಿ ಬಲಿಪೀಠವನ್ನಿಟ್ಟು ಪೂಜೆ ಅರ್ಪಿಸಿದರು. ಕ್ಯಾಂಡಿಯ ಕಥೋಲಿಕರು ಒಬ್ಬೊಬ್ಬರಾಗಿ ಅಲ್ಲಿಗೆ ಬರತೊಡಗಿದರು. ಬಂಧನದ ಸ್ಥಳವೇ ದೇವಾಲಯವಾಯಿತು.

ಅವರು ಸೆರೆಯನ್ನು ಬಯಸಿರಲಿಲ್ಲ. ಅನ್ಯಾಯವನ್ನು ನ್ಯಾಯವೆಂದು ಕರೆಯಲೂ ಇಲ್ಲ. ಕಿತ್ತುಕೊಂಡದ್ದರ ಲೆಕ್ಕದಲ್ಲಿ ಮುಳುಗದೆ, ಉಳಿದಿರುವುದೇನೆಂದು ನೋಡಿದರು. ಉಳಿದಿದ್ದದ್ದು ಸ್ವಲ್ಪ ಬಿಡುವು, ಸ್ವಲ್ಪ ನೆಲ, ಕೇಳಿಸಿಕೊಳ್ಳುವ ಕಿವಿ ಮತ್ತು ಪ್ರಾರ್ಥಿಸುವ ಮನಸ್ಸು. ಅಷ್ಟನ್ನೇ ದೇವರ ಕೊಡುಗೆಯೆಂದು ಸ್ವೀಕರಿಸಿ ದುಡಿಸಿದರು. ಕಷ್ಟದಲ್ಲಿ ಕೃತಜ್ಞತೆಯ ಅಭ್ಯಾಸವೆಂದರೆ ಇದೇ.

ಬರ ಮತ್ತು ಸಿಡುಬು

ಕೆಲಕಾಲದ ಬಳಿಕ ಕ್ಯಾಂಡಿ ರಾಜ್ಯದಲ್ಲಿ ಘೋರ ಬರ ತಲೆದೋರಿತು. ಮಳೆಗಾಗಿ ಬೌದ್ಧ ಭಿಕ್ಷುಗಳು ಪ್ರಾರ್ಥಿಸಿದರು. ಆಕಾಶ ಬೋಳಾಗಿಯೇ ಇತ್ತು. ದೊರೆ ಕಥೋಲಿಕ ಗುರುವಿಗೂ ಹೇಳಿಕಳುಹಿಸಿದ. ಜೋಸೆಫ್ ವಾಜರು ಬಯಲಿನಲ್ಲಿ ಬಲಿಪೀಠವನ್ನು ಅಣಿಮಾಡಿ, ಶಿಲುಬೆಯನ್ನಿಟ್ಟು, ಅದರ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದರೆಂದೂ, ಅವರು ಏಳುವ ಮುನ್ನವೇ ಧಾರಾಕಾರ ಮಳೆ ಸುರಿಯಿತೆಂದೂ, ಸುತ್ತಲೂ ನೆನೆದರೂ ಅವರೂ ಬಲಿಪೀಠವೂ ನೆನೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ದೊರೆ ಸಂತುಷ್ಟನಾಗಿ ತನ್ನ ರಾಜ್ಯದಲ್ಲೆಲ್ಲ ಸಂಚರಿಸಿ ಸೇವೆ ಸಲ್ಲಿಸಲು ಅವರಿಗೆ ಸ್ವಾತಂತ್ರ್ಯ ನೀಡಿದ. ಕ್ರೈಸ್ತರೆನಿಸಿಕೊಂಡವರು ಅಟ್ಟಿಸಿಕೊಂಡು ಬಂದ ಗುರುವಿಗೆ ಬೌದ್ಧ ದೊರೆಯೊಬ್ಬ ರಕ್ಷಕನಾದ. ದೇವರ ಉಪಕಾರ ಯಾರ ಕೈಯಿಂದ ಬರುತ್ತದೆಯೆಂದು ನಾವು ಮೊದಲೇ ನಿಶ್ಚಯಿಸಲಾಗದು.

ಬರದ ಬವಣೆಯನ್ನು ಬಲ್ಲ ತುಮಕೂರು ಸೀಮೆಯ ಓದುಗರಿಗೆ ಇದರಲ್ಲಿ ಒಂದು ಪಾಠವಿದೆ. ಕೃತಜ್ಞನಾದವನು ದೇವರಲ್ಲಿ ಬೇಡಲೇಬಾರದೆಂದಿಲ್ಲ. ಸಂತ ಜೋಸೆಫ್ ವಾಜರು ಮಳೆಯನ್ನು ಬೇಡಿದರು. ನೊಂದ ಜನರ ಪರವಾಗಿ ಅಂಗಲಾಚಿದರು. ಕೊಡುವವನ ಔದಾರ್ಯವನ್ನು ನೆನೆಯುವವನೇ ನಿಸ್ಸಂಕೋಚವಾಗಿ ಬೇಡಬಲ್ಲನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಚುಚ್ಚುಮದ್ದು ಇನ್ನೂ ಕಾಣದ ಕಾಲ. ದೊರೆಯೂ ಸಿರಿವಂತರೂ ನಗರವನ್ನು ತೊರೆದರು. ಸೋಂಕು ತಗುಲಿದವರನ್ನು ಹೆತ್ತವರೂ ಒಡಹುಟ್ಟಿದವರೂ ಭಯದಿಂದ ಕಾಡಿನಲ್ಲಿ ಬಿಟ್ಟುಹೋಗುವ ದಾರುಣ ಸ್ಥಿತಿ. ಅಷ್ಟರಲ್ಲಿ ಗೋವೆಯ ಒರೆಟರಿಯಿಂದ ಕೆಲವು ಗುರುಗಳು ನೆರವಿಗೆ ಬಂದಿದ್ದರು. ಅವರಲ್ಲಿ ಜೋಸೆಫ್ ವಾಜರ ಬಂಧುವೇ ಆದ ಜೋಸೆಫ್ ಕಾರ್ವಾಲೊ ಅವರೂ ಒಬ್ಬರು. ಈ ಇಬ್ಬರೂ ರೋಗಿಗಳನ್ನು ಹುಡುಕಿ ಹೊರಟರು. ತೊರೆದುಹೋದ ಮನೆಗಳಲ್ಲಿ ಅವರಿಗೆ ನೆಲೆ ಕಲ್ಪಿಸಿದರು, ಹುಣ್ಣುಗಳನ್ನು ತೊಳೆದರು, ಅನ್ನ ನೀರು ಕೊಟ್ಟರು, ಸತ್ತವರನ್ನು ತಮ್ಮ ಕೈಯಾರೆ ಮಣ್ಣು ಮಾಡಿದರು. ಕ್ರೈಸ್ತ, ಬೌದ್ಧ ಎಂಬ ಭೇದವನ್ನು ಅವರು ಎಣಿಸಲಿಲ್ಲ.

ಹತ್ತು ವರ್ಷಗಳ ಹಿಂದೆ ಜಾಫ್ನಾದಲ್ಲಿ ರೋಗಿಯಾಗಿ ಮಲಗಿದ್ದಾಗ ದೊರೆತ ಗಂಜಿಯ ಬಟ್ಟಲು ಈಗ ನೂರಾರು ಬಟ್ಟಲುಗಳಾಗಿ ಹಂಚಿಹೋಯಿತು. ದೇವರಿಂದ ಪಡೆದದ್ದನ್ನು ದೇವರಿಗೆ ಹಿಂದಿರುಗಿಸಲು ನಮಗಿರುವ ದಾರಿ ನೊಂದವನ ಬಾಗಿಲಿನ ಮೂಲಕವೇ ಸಾಗುತ್ತದೆ.

ಕೊನೆಯ ದಿನಗಳು

ಲಂಕೆಯ ಸೇವೆಯ ಕೀರ್ತಿ ದೂರದವರೆಗೆ ಹಬ್ಬಿತು. ಉನ್ನತ ಧಾರ್ಮಿಕ ಪದವಿಯನ್ನು ನೀಡುವ ಪ್ರಸ್ತಾಪ ಬಂದಾಗ ಜೋಸೆಫ್ ವಾಜರು ವಿನಯದಿಂದ ನಿರಾಕರಿಸಿದರು. 1705ರಲ್ಲಿ ಬಂದು ಸೇರಿದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಪ್ರತಿಭಾವಂತ ಗುರು ಮುಂದೆ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನು ರಚಿಸಿ ಪ್ರಸಿದ್ಧರಾದರು. ಹೀಗೆ ಒಬ್ಬಂಟಿಯಾಗಿ, ಭಿಕ್ಷುಕನ ವೇಷದಲ್ಲಿ ಆರಂಭವಾದ ಕಾರ್ಯ ನೆಲೆಗೊಂಡಿತು.

ದೀರ್ಘಕಾಲದ ನಡಿಗೆ, ಉಪವಾಸ, ರೋಗಗಳು ದೇಹವನ್ನು ಸವೆಸಿದ್ದವು. ಕೊನೆಯ ದಿನಗಳಲ್ಲಿ ತೀವ್ರವಾಗಿ ಅಸ್ವಸ್ಥರಾದ ಅವರ ಸುತ್ತ ಸಹೋದರ ಗುರುಗಳು ನೆರೆದು ಕೊನೆಯ ಬುದ್ಧಿಮಾತನ್ನು ಬೇಡಿದರು. ಬದುಕಿರುವಾಗ ರೂಢಿಸಿಕೊಳ್ಳದ ಒಳಿತನ್ನು ಸಾಯುವ ಗಳಿಗೆಯಲ್ಲಿ ಮಾಡುವುದು ಸುಲಭವಲ್ಲವೆಂಬುದೇ ಅವರ ಉಪದೇಶದ ತಿರುಳಾಗಿತ್ತೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. 1711ನೇ ಇಸವಿ ಜನವರಿ 16ರಂದು, ತಮ್ಮ ಅರವತ್ತನೆಯ ವರ್ಷ ತುಂಬುವ ಮೊದಲೇ, ಅವರು ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು.

ಅವರ ಹೆಸರು ಬಲಿಪೀಠದ ಗೌರವಕ್ಕೆ ಏರಲು ಮೂರು ಶತಮಾನಗಳೇ ಬೇಕಾದವು. 1995ನೇ ಇಸವಿ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪಾಲ್ ಅವರು ಕೊಲಂಬೊದಲ್ಲಿ ಜೋಸೆಫ್ ವಾಜರನ್ನು ಪುನೀತರೆಂದು ಘೋಷಿಸಿದರು. 2015ನೇ ಇಸವಿ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ಅದೇ ನಗರದ ಕಡಲತೀರದ ಗಾಲ್ ಫೇಸ್ ಮೈದಾನದಲ್ಲಿ, ಅಪಾರ ಜನಸಾಗರದ ಮುಂದೆ, ಅವರಿಗೆ ಸಂತ ಪದವಿಯನ್ನು ನೀಡಿದರು. ಡಚ್ಚರ ಕಣ್ಣು ತಪ್ಪಿಸಿ ಕತ್ತಲಲ್ಲಿ ಪೂಜೆ ಅರ್ಪಿಸಿದ ಗುರುವಿನ ಗೌರವಾರ್ಥ ಅಂದು ಹಾಡಹಗಲಿನಲ್ಲಿ ಬಲಿಪೂಜೆ ನೆರವೇರಿತು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, 2020ನೇ ಇಸವಿಯನ್ನು ಮರೆಯುವುದುಂಟೆ? ಕೋವಿಡ್ ವ್ಯಾಧಿಯ ಆ ದಿನಗಳಲ್ಲಿ ನಮ್ಮ ದೇವಾಲಯಗಳ ಬಾಗಿಲುಗಳೂ ಮುಚ್ಚಿದ್ದವು. ಪವಿತ್ರ ವಾರವೂ ಪಾಸ್ಕ ಹಬ್ಬವೂ ಪರಮಪ್ರಸಾದವಿಲ್ಲದೆ ಕಳೆದುಹೋದವು. ಮೊಬೈಲ್ ಪರದೆಯ ಮುಂದೆ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಿದ ನಮಗೆ, ಭಾನುವಾರದ ಗಂಟೆಯ ದನಿ ಎಷ್ಟು ದೊಡ್ಡ ಕೊಡುಗೆಯಾಗಿತ್ತೆಂಬುದು ಆಗ ಅರಿವಾಯಿತು. ಕೆಲವು ತಿಂಗಳುಗಳ ಅಗಲಿಕೆಯೇ ನಮಗೆ ಅಷ್ಟು ಭಾರವಾಗಿದ್ದರೆ, ಸುಮಾರು ಮೂವತ್ತು ವರ್ಷ ಕಾದ ಜಾಫ್ನಾದ ಕುಟುಂಬಗಳ ಹಸಿವು ಎಂತಹುದಿದ್ದಿರಬೇಕು! ಬಾಗಿಲು ತೆರೆದ ಮೇಲೆ ನಾವು ಆ ಅರಿವನ್ನು ಉಳಿಸಿಕೊಂಡಿದ್ದೇವೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಅಂತರಂಗದಲ್ಲಿ ಕೇಳಿಕೊಳ್ಳುವುದು ಲೇಸು.

ಆ ವ್ಯಾಧಿಯಲ್ಲಿ ಆಪ್ತರನ್ನು ಕಳೆದುಕೊಂಡ ಮನೆಗಳೂ ನಮ್ಮ ನಡುವೆ ಇವೆ. ಅಂತಹ ಮನೆಗೆ ಹೋಗಿ, ಎಲ್ಲವೂ ಒಳ್ಳೆಯದಕ್ಕೇ ಆಯಿತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸಂತ ಜೋಸೆಫ್ ವಾಜರು ಸಿಡುಬಿನ ಹಾಸಿಗೆಯ ಬಳಿ ಅಂತಹ ಮಾತುಗಳನ್ನು ಹೊತ್ತು ಹೋಗಲಿಲ್ಲ. ನೀರನ್ನೂ ಅನ್ನವನ್ನೂ ಹೊತ್ತು ಹೋದರು. ನೊಂದವರು ಮೊದಲು ಅಳಲಿ. ಅವರ ಪಕ್ಕದಲ್ಲಿ ನಾವು ಕುಳಿತಿದ್ದರೆ, ವಂದನೆಯ ಮಾತು ಮುಂದೊಂದು ದಿನ ಅವರ ತುಟಿಗೆ ತಾನಾಗಿ ಬಂದೀತು.

ಹಾಗಾದರೆ ನಾವು ಮಾಡಬೇಕಾದುದೇನು? ಸಂತರ ಕೊನೆಯ ಉಪದೇಶವೇ ಅದಕ್ಕೆ ಉತ್ತರ ಕೊಡುತ್ತದೆ. ಸುಖದ ದಿನಗಳಲ್ಲಿ ಕೃತಜ್ಞತೆಯನ್ನು ರೂಢಿಸಿಕೊಳ್ಳದವರಿಗೆ ದುಃಖದ ದಿನದಲ್ಲಿ ಅದು ಥಟ್ಟನೆ ಒದಗಿಬರುವುದಿಲ್ಲ. ಆದ್ದರಿಂದ ಸಂಜೆಯ ಜಪಸರದ ವೇಳೆ, ಕೋರಿಕೆಗಳ ಪಟ್ಟಿಯನ್ನು ಬಿಚ್ಚುವ ಮುನ್ನ, ಆ ದಿನ ದೊರೆತ ಒಂದು ಉಪಕಾರವನ್ನು ಮನೆಯ ಪ್ರತಿಯೊಬ್ಬರೂ ಹೆಸರಿಸಿ ದೇವರಿಗೆ ವಂದಿಸಲಿ. ಮಕ್ಕಳೂ ಹೇಳಲಿ, ಅಜ್ಜ ಅಜ್ಜಿಯರೂ ಹೇಳಲಿ. ಭಾನುವಾರದ ಬಲಿಪೂಜೆಗೆ ಹೋಗುವಾಗ ಆ ವಾರದ ನೋವನ್ನು ಮನೆಯಲ್ಲಿ ಬಚ್ಚಿಟ್ಟು ಹೋಗದೆ, ರೊಟ್ಟಿ ದ್ರಾಕ್ಷಾರಸಗಳ ಜೊತೆ ಅದನ್ನೂ ಬಲಿಪೀಠದ ಮೇಲಿಡೋಣ. ವಾರಕ್ಕೊಮ್ಮೆಯಾದರೂ ನಮಗಿಂತ ಹೆಚ್ಚು ಕಷ್ಟದಲ್ಲಿರುವ ಒಂದು ಮನೆಯ ಬಾಗಿಲನ್ನು ತಟ್ಟೋಣ.

ಕರಾವಳಿಯ ಕಡೆ ಪ್ರಯಾಣ ಮಾಡುವ ಕುಟುಂಬಗಳು ಮುಡಿಪಿನ ಗುಡ್ಡಕ್ಕೂ ಹೋಗಿ ಒಂದು ಗಳಿಗೆ ಕುಳಿತುಬರಲಿ. ಬರಿಗಾಲಿನ ಆ ಗುರು ನಡೆದ ನೆಲದಲ್ಲಿ, ನಮ್ಮ ಕಷ್ಟಗಳನ್ನು ಮುಚ್ಚಿಡದೆ ಹೇಳಿಕೊಂಡು, ಉಳಿದಿರುವ ಕೊಡುಗೆಗಳಿಗಾಗಿ ಸರ್ವೇಶ್ವರನಿಗೆ ವಂದನೆ ಸಲ್ಲಿಸೋಣ. ಸಂತ ಜೋಸೆಫ್ ವಾಜರು ನಮ್ಮ ನಾಡಿನ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.